ಹನ್ನೆರಡು ಅಡಿ ಎತ್ತರದ ಅಡುಗೆಮನೆಯಲ್ಲಿ ಕಪಾಟು ಎಲ್ಲಿಯವರೆಗೆ ಇರಬೇಕು?

ಪ್ರಶ್ನೆ: ಶಿರಸಿಯ ಹತ್ತಿರದ ನಮ್ಮ ಹಳೆಯ ಹಂಚಿನ ಮನೆಯ ಅಡುಗೆಮನೆಯನ್ನು ಹೊಸದಾಗಿ ಮಾಡಿಸುತ್ತಿದ್ದೇವೆ. ಕೋಣೆ 10 ಅಡಿ ಅಗಲ, 14 ಅಡಿ ಉದ್ದವಿದ್ದು, ನೆಲದಿಂದ ಹಲಗೆ ಮುಚ್ಚಿಗೆಗೆ 12 ಅಡಿ ಎತ್ತರವಿದೆ. ಗೋಡೆಗಳು ಚಿರೆಕಲ್ಲಿನವು. ಮುಚ್ಚಿಗೆಗೆ ತಾಗುವವರೆಗೂ ಕಪಾಟು ಮಾಡಿಸಿದರೆ ಜಾಗ ಸಿಗುತ್ತದೆ, ಮೇಲೆ ಧೂಳು ಕೂರುವುದಿಲ್ಲ ಎಂದು ಬಡಗಿ ಹೇಳುತ್ತಾರೆ. ಅತ್ತೆಯವರಿಗೆ ಹಳೆಯ ನಾಗಂದಿಗೆಯೇ (ಗೋಡೆಯ ಮೇಲ್ಭಾಗದ ತೆರೆದ ಹಲಗೆ) ಉಳಿಯಬೇಕೆಂಬ ಆಸೆ. ನನ್ನ ಎತ್ತರ 5 ಅಡಿ. ಯಾವುದು ಸರಿ?

ಉತ್ತರ: ಕಪಾಟಿನ ಎತ್ತರವನ್ನು ಮುಚ್ಚಿಗೆಯಿಂದ ಕೆಳಕ್ಕೆ ಅಳೆಯಬೇಡಿ, ನಿಮ್ಮ ಕೈಯಿಂದ ಮೇಲಕ್ಕೆ ಅಳೆಯಿರಿ. 5 ಅಡಿ ಎತ್ತರದವರು ಕೈ ಎತ್ತಿದಾಗ ಬೆರಳ ತುದಿ 6 ಅಡಿಗಿಂತ ತುಸು ಮೇಲೆ ಹೋಗುತ್ತದೆ. ಆದರೆ ಮುಂದೆ 2 ಅಡಿ ಆಳದ ಕಟ್ಟೆ ಇರುವಾಗ, ಅದರಾಚೆಗೆ ಕೈ ಚಾಚಿ ಒಂದು ಡಬ್ಬಿಯನ್ನು ಭದ್ರವಾಗಿ ಹಿಡಿದು ಇಳಿಸಲು ಅಷ್ಟೂ ಎತ್ತರ ಒದಗುವುದಿಲ್ಲ. ಹಾಗಾಗಿ ನಿಮ್ಮ ಅಡುಗೆಯ ಕಟ್ಟೆಯನ್ನು ನೆಲದಿಂದ 33 ಇಂಚಿಗೆ ನಿಲ್ಲಿಸಿ, ಅದರ ಮೇಲೆ 21 ಇಂಚು ತೆರವು ಬಿಟ್ಟು, 54ನೆಯ ಇಂಚಿನಿಂದ 30 ಇಂಚು ಎತ್ತರದ ಗೋಡೆ ಕಪಾಟನ್ನು ಮಾಡಿಸಿದರೆ ಅದು 84 ಇಂಚಿಗೆ, ಅಂದರೆ ಸರಿಯಾಗಿ 7 ಅಡಿಗೆ ಮುಗಿಯುತ್ತದೆ. ಇದರ ಆಳ 12ರಿಂದ 13 ಇಂಚು ಸಾಕು. ಕೆಳಗಿನ ಎರಡು ಅಂತಸ್ತು ನಿತ್ಯದ ಬಳಕೆಗೆ, ಮೂರನೆಯದು ವಾರಕ್ಕೊಮ್ಮೆ ಬೇಕಾಗುವುದಕ್ಕೆ.

7 ಅಡಿಗೆ ನಿಲ್ಲಿಸಲು ಇನ್ನೊಂದು ಕಾರಣವೂ ಇದೆ. ಕಾಂಕ್ರೀಟ್ ಮನೆಗಳಲ್ಲಿ ಬಾಗಿಲು, ಕಿಟಕಿಗಳ ಲಿಂಟಲ್ ಸಾಮಾನ್ಯವಾಗಿ ಈ ಮಟ್ಟದಲ್ಲೇ ಇರುತ್ತದೆ. ಹಳೆಯ ಮನೆಗಳಲ್ಲಿ ಬಾಗಿಲವಾಡ ಸ್ವಲ್ಪ ತಗ್ಗಾಗಿರಬಹುದು, ಆದ್ದರಿಂದ ನಿಮ್ಮಲ್ಲಿ ಮೊದಲು ಅಳೆದು ನೋಡಿ, ವ್ಯತ್ಯಾಸ ಒಂದೆರಡು ಇಂಚಿನದಾದರೆ ಕಪಾಟನ್ನೇ ಆ ಮಟ್ಟಕ್ಕೆ ತನ್ನಿ. ಎತ್ತರದ ಕೋಣೆಯಲ್ಲಿ ಗೋಡೆಯ ಮಧ್ಯೆ ಎಲ್ಲಿಯೋ ಮುಗಿಯುವ ಕಪಾಟು ಅಂಟಿಸಿಟ್ಟಂತೆ ಕಾಣುತ್ತದೆ. ಬಾಗಿಲಿನ ತಲೆಗೆ ಸರಿಹೊಂದಿ ಸುತ್ತಲೂ ಒಂದೇ ಗೆರೆಯಾಗಿ ಹರಿದರೆ ಅದರ ಮೇಲಿನ ತೆರವು ಕೊರತೆಯೆನಿಸುವುದಿಲ್ಲ.

ಉಳಿದ 5 ಅಡಿಯ ಪ್ರಶ್ನೆಯಲ್ಲಿ ಬಡಗಿಯವರ ಮಾತನ್ನೂ ಅತ್ತೆಯವರ ಮಾತನ್ನೂ ನಾನು ಅರ್ಧರ್ಧ ಒಪ್ಪುತ್ತೇನೆ. ಮಲೆನಾಡಿನ ಮನೆಗೆ ಮೇಲಿನ ಜಾಗ ಬೇಕೇ ಬೇಕು. ಮಳೆಗಾಲಕ್ಕೆಂದು ಮಾಡಿಟ್ಟ ಹಲಸಿನ ಹಪ್ಪಳ ಮತ್ತು ಸಂಡಿಗೆಯ ಡಬ್ಬಿಗಳು, ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯ ನೆಂಟರಿಗಾಗಿ ಮಾತ್ರ ಇಳಿಯುವ ದೊಡ್ಡ ಪಾತ್ರೆಗಳು, ಇವು ಕೈಗೆಟುಕುವ ಜಾಗವನ್ನು ಆಕ್ರಮಿಸಬಾರದು. ಆದರೆ ವರ್ಷಕ್ಕೆ 2,500 ಮಿಲಿಮೀಟರ್ ಆಸುಪಾಸಿನ ಮಳೆ ಬೀಳುವ ಊರಿನಲ್ಲಿ ನಾಲ್ಕೂ ಗೋಡೆಗಳನ್ನು ಮುಚ್ಚಿಗೆಯವರೆಗೆ ಪ್ಲೈವುಡ್ಡಿನಿಂದ ಮುಚ್ಚುವುದು ತಪ್ಪು ಎಂದು ಸ್ಪಷ್ಟವಾಗಿ ಹೇಳಬೇಕಾಗಿದೆ. ಅಡುಗೆಯ ಬಿಸಿ ಹಬೆ ಮೇಲಕ್ಕೇರಿ ಮುಚ್ಚಿಗೆಯ ಕೆಳಗೆ ನಿಲ್ಲುತ್ತದೆ. ಅಲ್ಲಿ ಗಾಳಿಯಾಡದಿದ್ದರೆ ತಣ್ಣಗಿನ ಗೋಡೆಗೆ ತಾಗಿ ನೀರಾಗುತ್ತದೆ, ಮತ್ತು ತಿಂಗಳುಗಟ್ಟಲೆ ತೆರೆಯದ ಕಪಾಟಿನ ಬೆನ್ನಿಗೆ ಮೊದಲು ಬೂಷ್ಟು, ಬಳಿಕ ಗೆದ್ದಲು ಬರುತ್ತದೆ. ಹಿಂದಿನವರ ನಾಗಂದಿಗೆ ತೆರೆದೇ ಇರುತ್ತಿದ್ದುದು ಮತ್ತು ಒಲೆಯ ಹೊಗೆ ಅದನ್ನು ಒಣಗಿಸುತ್ತಿದ್ದುದು ಇಲ್ಲಿ ನೆನಪಿಡಬೇಕಾದ ಸಂಗತಿ. ಗ್ಯಾಸ್ ಒಲೆಗೆ ಆ ಹೊಗೆಯಿಲ್ಲ, ಹಬೆ ಮಾತ್ರ ಇದೆ.

ಆದ್ದರಿಂದ ಮೇಲಂತಸ್ತು ಒಂದೇ ಗೋಡೆಗೆ ಇರಲಿ, ಮತ್ತು ಅದು ಅಡುಗೆಯ ಕಟ್ಟೆ ಇಲ್ಲದ ಗೋಡೆಯಾಗಿರಲಿ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ನಕ್ಷೆಯಲ್ಲಿ ಈ ದೋಷ ಯಾರ ಕಣ್ಣಿಗೂ ಬೀಳುವುದಿಲ್ಲ. ಕಟ್ಟೆಯ ಮೇಲೆ ನೆಲದಿಂದ 8 ಅಡಿ ಎತ್ತರದಲ್ಲಿರುವ ಕಪಾಟನ್ನು ತಲುಪಲು ಏಣಿಯನ್ನು ಗೋಡೆಯ ಹತ್ತಿರಕ್ಕೆ ತರಲು ಆಗುವುದಿಲ್ಲ. ಕಟ್ಟೆ 2 ಅಡಿ ಅಡ್ಡ ಬರುತ್ತದೆ. ಕೊನೆಗೆ ಮನೆಯವರು ಒದ್ದೆ ಗ್ರಾನೈಟಿನ ಮೇಲೆ, ಒಲೆಯ ಪಕ್ಕದಲ್ಲಿ ಹತ್ತಿ ನಿಲ್ಲುತ್ತಾರೆ. ಅದರ ಬದಲು ನೆಲದಿಂದ 7 ಅಡಿಯವರೆಗೆ 24 ಇಂಚು ಆಳದ ನಿಲುಗಪಾಟು ಮಾಡಿ, ಅದರ ಮೇಲೆ 2 ಅಡಿ ಎತ್ತರದ ಪ್ರತ್ಯೇಕ ಪೆಟ್ಟಿಗೆಯನ್ನು ಕೂರಿಸಿದರೆ ಏಣಿಯ ಕಾಲು ಗಟ್ಟಿ ನೆಲದ ಮೇಲೆಯೇ ಇರುತ್ತದೆ. ಮಡಚುವ ಏಣಿಗೆಂದು ನಿಲುಗಪಾಟಿನ ಪಕ್ಕದಲ್ಲಿ 6 ಇಂಚಿನ ಸಂದು ಬಿಡಿಸಿ. ಏಣಿ ಹಿತ್ತಿಲಿನಲ್ಲಿದ್ದರೆ ಅವಸರದಲ್ಲಿ ಕುರ್ಚಿಯೇ ಏಣಿಯಾಗುತ್ತದೆ. ಜೋನಿಬೆಲ್ಲದ ಡಬ್ಬ, ಅಪ್ಪೆಮಿಡಿಯ ಭರಣಿ ಎಷ್ಟೇ ಅಪರೂಪಕ್ಕೆ ತೆಗೆಯುವಂಥವಾದರೂ ಮೇಲಕ್ಕೆ ಹೋಗಬಾರದು. ಅವುಗಳ ಜಾಗ ಕೆಳಗಿನ ಅಂತಸ್ತು.

9 ಅಡಿಯಿಂದ ಮುಚ್ಚಿಗೆಯವರೆಗಿನ 3 ಅಡಿಯನ್ನು ತೆರವಾಗಿ ಬಿಡಿ, ಗವಾಕ್ಷಿಯಿದ್ದರೆ ಅದನ್ನು ಮುಚ್ಚಿಸಬೇಡಿ. ಧೂಳಿನ ಆತಂಕ ನಿಜವೇ. ಪೆಟ್ಟಿಗೆಯ ನೆತ್ತಿಗೆ ನಯವಾದ ಲ್ಯಾಮಿನೇಟ್ ಹಾಕಿ, ಅದರ ಮೇಲೆ ಹಳೆಯ ಪತ್ರಿಕೆ ಹಾಸಿ ಮಳೆಗಾಲದ ಮೊದಲು ಮತ್ತು ನಂತರ ಬದಲಿಸಿದರೆ ಎಣ್ಣೆಜಿಡ್ಡು ಹಲಗೆಗೆ ಹಿಡಿಯುವುದಿಲ್ಲ. ಚಿಮಣಿಯ ಕೊಳವೆಯನ್ನು 12 ಅಡಿ ಮೇಲಕ್ಕೆ ಒಯ್ಯದೆ ಆದಷ್ಟು ನೇರವಾಗಿ ಹೊರಗೋಡೆಯಿಂದಲೇ ಹೊರಗೆ ಬಿಡಿ. ಉದ್ದ ಮತ್ತು ತಿರುವು ಹೆಚ್ಚಿದಷ್ಟೂ ಅದರ ಎಳೆತ ಕುಗ್ಗುತ್ತದೆ.

ನಿಮ್ಮ ಗೋಡೆಯ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಹಳೆಯ ಚಿರೆಕಲ್ಲಿನ ಗೋಡೆಗಳಲ್ಲಿ ಕಲ್ಲು ರಂಧ್ರಮಯವಾಗಿರುತ್ತದೆ, ಸಂದುಗಳಲ್ಲಿ ಮಣ್ಣು ಅಥವಾ ಸುಣ್ಣದ ಗಾರೆ ಇರುತ್ತದೆ. ಅಲ್ಲಿ ಪ್ಲಾಸ್ಟಿಕ್ ಪ್ಲಗ್ ಕೂರಿಸಿ ಬಿಗಿಸಿದ ಸ್ಕ್ರೂ ಮೊದಲ ದಿನ ಬಿಗಿಯಾಗಿ ಕಂಡರೂ ಭಾರಕ್ಕೆ ಮೆಲ್ಲಗೆ ಸಡಿಲವಾಗುತ್ತದೆ. ಗೋಡೆ ಕಪಾಟುಗಳ ಹಿಂದೆ ಉದ್ದಕ್ಕೂ ಒಂದು ಲೋಹದ ಪಟ್ಟಿಯನ್ನು, ಸಂದಿಗಲ್ಲದೆ ಕಲ್ಲಿನ ನಡುವಿಗೆ ರಂಧ್ರ ಕೊರೆದು, ಕೆಮಿಕಲ್ ಆಂಕರ್‌ಗಳಿಂದ (ರಂಧ್ರಕ್ಕೆ ಅಂಟು ತುಂಬಿ ಕೂರಿಸುವ ಬೋಲ್ಟ್‌ಗಳು) ಬಿಗಿಸಿ ಭಾರವನ್ನು ಹಂಚಬೇಕು. ಮೇಲಿನ ಪೆಟ್ಟಿಗೆಯ ಭಾರವಂತೂ ನಿಲುಗಪಾಟಿನ ಪಕ್ಕದ ಹಲಗೆಗಳ ಮೂಲಕ ನೆಲಕ್ಕೇ ಇಳಿಯಬೇಕು; ಗೋಡೆ ಅದು ಮುಂದಕ್ಕೆ ವಾಲದಂತೆ ಹಿಡಿದರೆ ಸಾಕು. ಮುಚ್ಚಿಗೆಯ ತೊಲೆಗಳಿಗೆ ಏನನ್ನೂ ತೂಗುಹಾಕಬೇಡಿ. ಅಳತೆ ತೆಗೆಯುವ ಮುನ್ನ ತೂಗುಗುಂಡು ಇಳಿಬಿಟ್ಟು ಮೂರು ಎತ್ತರಗಳಲ್ಲಿ ನೋಡಿಸಿ. ಹಳೆಯ ಗೋಡೆ ಇಷ್ಟು ಎತ್ತರದಲ್ಲಿ ಒಂದೆರಡು ಇಂಚು ವಾಲಿರುವುದು ಅಪರೂಪವಲ್ಲ. ಕಪಾಟಿನ ಬೆನ್ನಿಗೂ ಗೋಡೆಗೂ ನಡುವೆ ಅರ್ಧ ಇಂಚಾದರೂ ಗಾಳಿ ಇರಲಿ, ಮತ್ತು ಮಳೆ ಹೊಡೆಯುವ ಪಶ್ಚಿಮದ ಹೊರಗೋಡೆಗೆ ನಿಲುಗಪಾಟು ಬೇಡ.

ಪ್ಲೈವುಡ್ ಕೊಳ್ಳುವಾಗ ‘ವಾಟರ್‌ಪ್ರೂಫ್’ ಎಂಬ ಮಾತನ್ನು ನಂಬದೆ ಹಾಳೆಯ ಮೇಲೆ ಐಎಸ್ 710 (ಮರೈನ್ ಪ್ಲೈವುಡ್ಡಿನ ಭಾರತೀಯ ಮಾನಕ) ಎಂಬ ಗುರುತನ್ನು ನೋಡಿ. ಅದರ ಅಂಟನ್ನು 72 ಗಂಟೆ ಕುದಿಯುವ ನೀರಿನಲ್ಲಿ ಪರೀಕ್ಷಿಸಲಾಗಿರುತ್ತದೆ. ಹಾಗಿದ್ದರೂ ಕತ್ತರಿಸಿದ ಅಂಚು ನೀರು ಕುಡಿಯುತ್ತದೆ, ಆದ್ದರಿಂದ ಕಣ್ಣಿಗೆ ಕಾಣದ ಹಿಂಬದಿಯ ಅಂಚುಗಳನ್ನೂ ಮುಚ್ಚಿಸಬೇಕು. ಸಾಮಾನ್ಯವಾಗಿ ಸಿಗುವ ಹಾಳೆಯ ಉದ್ದ 8 ಅಡಿ ಮಾತ್ರ. ನೆಲದಿಂದ 9 ಅಡಿಯವರೆಗೆ ಒಂದೇ ಬಾಗಿಲು ಎಂಬ ಯೋಚನೆ ಅಲ್ಲಿಗೇ ನಿಲ್ಲುತ್ತದೆ. 7 ಅಡಿಯ ಬಾಗಿಲು ಕೂಡ ನಮ್ಮ ತೇವಕ್ಕೆ ಬಾಗಬಹುದಾದ್ದರಿಂದ ಅದನ್ನು ನಡುವೆ ಎರಡಾಗಿಸುವುದು ಲೇಸು.

ಪ್ರಶ್ನೆ: ಕಾರವಾರದಲ್ಲಿ ಸಮುದ್ರಕ್ಕೆ ಹತ್ತಿರದ ನಮ್ಮ ಮನೆಯ ಅಡುಗೆಮನೆ 11 ಅಡಿ ಎತ್ತರವಿದೆ. 7 ಅಡಿಗೆ ಕಾಂಕ್ರೀಟಿನ ಲಾಫ್ಟ್ ಇದೆ. ಅದಕ್ಕೆ ಪೂರ್ತಿ ಬಾಗಿಲು ಹಾಕಿಸಬಹುದೇ? ಕೆಳಗಿನ ಕಪಾಟಿನ ಬಿಜಾಗರಿಗಳು ಎರಡೇ ವರ್ಷದಲ್ಲಿ ತುಕ್ಕು ಹಿಡಿದಿವೆ.

ಉತ್ತರ: 4 ಅಡಿಯನ್ನೂ ಮುಚ್ಚಬೇಡಿ. ಕೆಳಗಿನ 2 ಅಡಿಗೆ ಬಾಗಿಲು, ಮೇಲಿನ 2 ಅಡಿಗೆ ಗಾಳಿಯಾಡುವ ಜಾಲರಿ ಇರಲಿ. ಬಾಗಿಲಿನ ಅಗಲ 18 ಇಂಚು ಮೀರದಿರಲಿ, ಏಣಿಯ ಮೇಲಿರುವವರು ಅಗಲವಾದ ಬಾಗಿಲು ತೆರೆಯುವಾಗ ಹಿಂದಕ್ಕೆ ಸರಿಯಬೇಕಾಗುತ್ತದೆ. ಮೇಲಕ್ಕೆ ತೆರೆದು ಗ್ಯಾಸ್ ಪಿಸ್ಟನ್ನಿನ ಮೇಲೆ ನಿಲ್ಲುವ ಬಾಗಿಲುಗಳನ್ನು ಉಪ್ಪುಗಾಳಿಯ ಊರಿಗೆ ನಾನು ಸೂಚಿಸುವುದಿಲ್ಲ. ಅಲ್ಯೂಮಿನಿಯಂ ಚೌಕಟ್ಟು ಒಳ್ಳೆಯದು. ಬಿಜಾಗರಿಗಳು ನಿಕಲ್ ಲೇಪದ ಸಾಧಾರಣ ಉಕ್ಕಿನವಾಗಿದ್ದಿರಬೇಕು. ಈ ಸಲ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನವನ್ನು ಕೇಳಿ ಪಡೆಯಿರಿ. ಸಮುದ್ರದ ಗಾಳಿ ನೇರವಾಗಿ ನುಗ್ಗುವ ಕಿಟಕಿಯ ಪಕ್ಕದ ಹಿಡಿಕೆ ಮತ್ತು ಸ್ಕ್ರೂಗಳಿಗೆ, ಸಿಕ್ಕರೆ, ಮಾಲಿಬ್ಡಿನಂ ಬೆರೆತ 316 ದರ್ಜೆ ಇನ್ನೂ ಬಾಳಿಕೆ ಬರುತ್ತದೆ. ಸ್ಕ್ರೂ ಸಾಧಾರಣ ಉಕ್ಕಿನದಾದರೆ ಒಳ್ಳೆಯ ಬಿಜಾಗರಿಯ ಸುತ್ತಲೂ ಅದರ ತುಕ್ಕೇ ಇಳಿಯುತ್ತದೆ, ಆದ್ದರಿಂದ ಎರಡನ್ನೂ ಒಟ್ಟಿಗೆ ಕೊಂಡು ಬಡಗಿಯವರ ಕೈಗೆ ನೀವೇ ಕೊಡಿ.