ಟರ್ಬೈನ್ ಇಲ್ಲದೆ ಹಬೆಯಿಂದ ಕರೆಂಟ್ ಬರುತ್ತಾ?

ಪ್ರಶ್ನೆ: ಹರಿಯುವ ಹಬೆಯೊಳಗಿನ ಹನಿಗಳಿಗೆ ಚಾರ್ಜ್ ಕೊಟ್ಟು, ಟರ್ಬೈನ್ ಇಲ್ಲದೆಯೇ ಕರೆಂಟ್ ತೆಗೆಯಬಹುದಂತೆ. ನಿಜವೇ? ಹಾಗಿದ್ದರೆ ವಿದ್ಯುತ್ ಸ್ಥಾವರಗಳಲ್ಲಿ ಯಾಕೆ ಬಳಸುವುದಿಲ್ಲ?

ಉತ್ತರ: ನಿಜ, ಹೊಸದೂ ಅಲ್ಲ. 1840ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ಬಳಿ ಬಾಯ್ಲರ್ ಒಂದು ಸೋರುತ್ತಿತ್ತು. ಆ ಹಬೆಗೆ ಕೈಯೊಡ್ಡಿದ ಕೆಲಸಗಾರನಿಗೆ ಶಾಕ್ ಹೊಡೆಯಿತು. ಸುದ್ದಿ ತಿಳಿದ ಇಂಗ್ಲಿಷ್ ಸಂಶೋಧಕ ವಿಲಿಯಂ ಆರ್ಮ್‌ಸ್ಟ್ರಾಂಗ್, ಗಾಜಿನ ಕಾಲುಗಳ ಮೇಲೆ ಬಾಯ್ಲರ್ ನಿಲ್ಲಿಸಿ, ಹಬೆಯಿಂದ ಉದ್ದುದ್ದ ಕಿಡಿ ಹಾರಿಸುವ ಯಂತ್ರವನ್ನೇ ಕಟ್ಟಿದರು. ಚಾರ್ಜ್ ಬರುವುದು ಹಬೆಯಿಂದಲ್ಲ, ಅದರ ಜೊತೆ ನುಗ್ಗುವ ನೀರಿನ ಹನಿಗಳು ನಳಿಕೆಗೆ ಉಜ್ಜುವುದರಿಂದ ಎಂದು 1843ರಲ್ಲಿ ವಿಜ್ಞಾನಿ ಮೈಕೆಲ್ ಫ್ಯಾರಡೆ ತೋರಿಸಿದರು. ಒಣ ಹಬೆಯಲ್ಲಿ ಚಾರ್ಜ್ ಹುಟ್ಟಲೇ ಇಲ್ಲ.

ಕೆಲಸ ಮಾಡುವ ಬಗೆ ಸರಳ. ಚಾರ್ಜ್ ಆದ ಹನಿಗಳನ್ನು ಹಬೆ ಹೊತ್ತೊಯ್ದು, ಮುಂದಿರುವ ಲೋಹದ ಜಾಲರಿಗೆ ಒಪ್ಪಿಸುತ್ತದೆ. ಜಾಲರಿಯಲ್ಲಿ ಅದೇ ಜಾತಿಯ ಚಾರ್ಜ್ ಕೂಡುತ್ತಾ ಹೋದಂತೆ ಅದು ಬರುವ ಹನಿಗಳನ್ನು ಹಿಂದಕ್ಕೆ ತಳ್ಳುತ್ತದೆ. ಏರಿನಲ್ಲಿ ಗಾಡಿ ತಳ್ಳಿದ ಹಾಗೆ, ಹಬೆ ಅವನ್ನು ಬಲವಂತವಾಗಿ ಮುಂದೆ ನೂಕಬೇಕು. ಹಾಗೆ ನೂಕಲು ಹಬೆ ಕಳೆದುಕೊಳ್ಳುವ ಶಕ್ತಿಯೇ ನಮಗೆ ವಿದ್ಯುತ್ತಾಗಿ ಸಿಗುತ್ತದೆ. ಹನಿಯೇ ಯಾಕೆ, ಬರೀ ಅಯಾನು, ಅಂದರೆ ಚಾರ್ಜ್ ಆದ ಅಣು ಅಥವಾ ಪರಮಾಣು, ಸಾಲದೇ? ಸಾಲದು. ಅಯಾನುಗಳು ತೀರಾ ಚಿಕ್ಕವು. ಹಬೆಯ ಹಿಡಿತದಿಂದ ಜಾರಿ ಸುಲಭವಾಗಿ ಹಿಂದಕ್ಕೆ ಓಡುತ್ತವೆ. ಹನಿ ಅಷ್ಟು ಬೇಗ ಜಾರುವುದಿಲ್ಲ. ಹಾಗಂತ ಅದಕ್ಕೆ ಬೇಕಾದಷ್ಟು ಚಾರ್ಜ್ ತುಂಬಲೂ ಆಗದು. ಮಿತಿ ಮೀರಿದರೆ ಹನಿಯೇ ಒಡೆದು ಚೂರಾಗುತ್ತದೆ.

ಈಗ ಅಸಲಿ ತೊಡಕು. ವೋಲ್ಟೇಜ್ ಸಾವಿರಗಟ್ಟಲೆ ಬರುತ್ತದೆ, ಕರೆಂಟ್ ಮಾತ್ರ ತೀರಾ ಕಡಿಮೆ. ಮಾಮೂಲಿ ಒತ್ತಡದ ಗಾಳಿಯಲ್ಲಿ ಮೀಟರಿಗೆ ಸುಮಾರು 30 ಲಕ್ಷ ವೋಲ್ಟ್ ದಾಟಿದರೆ ಕಿಡಿ ಹಾರಿ ಎಲ್ಲ ಸೋರಿಹೋಗುತ್ತದೆ. ಹನಿಗಳನ್ನು ಹಿಂದಕ್ಕೆ ತಳ್ಳುವುದು ಈ ವಿದ್ಯುತ್ ಕ್ಷೇತ್ರವೇ (ಮೀಟರಿಗೆ ಇಷ್ಟು ವೋಲ್ಟ್ ಎಂದು ಅಳೆಯುವುದು ಅದನ್ನೇ). ಅಷ್ಟು ಪ್ರಬಲ ಕ್ಷೇತ್ರ ಹಬೆಗೆ ಎದುರಾಗಿ ಹಾಕಬಲ್ಲ ಒತ್ತಡ ಎಷ್ಟು ಗೊತ್ತಾ? ಸುಮಾರು 40 ಪ್ಯಾಸ್ಕಲ್. ಅಂದರೆ 4 ಮಿಲಿಮೀಟರ್ ಎತ್ತರದ ನೀರಿನಷ್ಟು! ವಾತಾವರಣದ ಒತ್ತಡವೇ ಒಂದು ಲಕ್ಷ ಪ್ಯಾಸ್ಕಲ್ ಇದೆ. ಟರ್ಬೈನಿಗೆ ನುಗ್ಗುವ ಹಬೆಯದ್ದು ಅದರ ಎಷ್ಟೋ ಪಟ್ಟು. ಆ ಶಕ್ತಿಯಲ್ಲಿ ಈ ವಿಧಾನಕ್ಕೆ ಒಂದು ಸಲಕ್ಕೆ ಸಿಗುವುದು ಚೂರುಪಾರು ಅಷ್ಟೆ, ಉಳಿದದ್ದು ಸುಮ್ನೆ ಹಾದುಹೋಗುತ್ತದೆ.

ದಾರಿ ಇಲ್ಲವೇ ಇಲ್ಲ ಅಂತಲ್ಲ. ಒತ್ತಡ ಹೆಚ್ಚಿದ ಅನಿಲ ಜಾಸ್ತಿ ವೋಲ್ಟೇಜ್ ತಡೆಯುತ್ತದೆ. ಕ್ಷೇತ್ರ ಎರಡು ಪಟ್ಟಾದರೆ ಆ 40 ಪ್ಯಾಸ್ಕಲ್ ನಾಲ್ಕು ಪಟ್ಟಾಗುತ್ತದೆ. ಇಂಥ ಹಂತಗಳನ್ನು ಸಾಲಾಗಿ ಜೋಡಿಸಲೂಬಹುದು. ಆದರೆ ಪ್ರತಿ ಹಂತದಲ್ಲೂ ಗೋಡೆಯ ಘರ್ಷಣೆ ಇದ್ದೇ ಇದೆ, ಒದ್ದೆಯಾದ ಇನ್ಸುಲೇಟರಿನ ಮೇಲೆ ಚಾರ್ಜ್ ಸೋರುವುದೂ ಇದೆ. ಗಳಿಸಿದ್ದನ್ನು ಅವೇ ನುಂಗುತ್ತವೆ. ದೊಡ್ಡ ಸ್ಥಾವರಕ್ಕೆ ಇದು ಟರ್ಬೈನಿನ ಬದಲಿ ಆಗುತ್ತದೆ ಎಂದು ನನಗನಿಸುವುದಿಲ್ಲ.

ಹನಿಗಳ ಆಟವನ್ನು ಕಣ್ಣಾರೆ ನೋಡುವ ಆಸೆಯಿದ್ದರೆ ಬಾಯ್ಲರ್ ತಂಟೆಗೆ ಹೋಗಬೇಡಿ. 1867ರಲ್ಲಿ ವಿಜ್ಞಾನಿ ಕೆಲ್ವಿನ್ ತೋರಿಸಿದ ಪ್ರಯೋಗಕ್ಕೆ ತೊಟ್ಟಿಕ್ಕುವ ನೀರು, ಎರಡು ಲೋಹದ ಬಳೆ, ಎರಡು ಡಬ್ಬ ಸಾಕು.