ಮಾತ್ರೆ ವಾಂತಿಯಾದರೆ ಏನು ಮಾಡಬೇಕು?

ಪ್ರಶ್ನೆ: ನನ್ನ ಯಜಮಾನರಿಗೆ ಅಡಿಸನ್ ಕಾಯಿಲೆ. ದಿನವೂ ಹೈಡ್ರೋಕಾರ್ಟಿಸೋನ್ ಮಾತ್ರೆ ನುಂಗುತ್ತಾರೆ. ಮೊನ್ನೆ ವಾಂತಿ, ಭೇದಿ ಶುರುವಾಯಿತು. ಮಾತ್ರೆಯೂ ಹೊರಗೆ ಬಂತು. ಸಂಜೆಗೆ ನಿಲ್ಲಲೂ ಆಗದೆ ಏನೇನೋ ಮಾತಾಡತೊಡಗಿದರು. ಆಸ್ಪತ್ರೆಯಲ್ಲಿ ಸರಿಹೋದರು. ಮತ್ತೆ ಹೀಗಾದರೆ?

ಉತ್ತರ: ನೋಡಿ ಅಮ್ಮ, ಸಂಜೆಯವರೆಗೆ ಕಾಯಲೇಬಾರದು. ಜ್ವರ ಬಂದಾಗ ನಮ್ಮ ದೇಹದಲ್ಲಿ ಕಾರ್ಟಿಸೋಲ್ ಎಂಬ ಹಾರ್ಮೋನ್ ತಾನಾಗಿ ಜಾಸ್ತಿಯಾಗುತ್ತದೆ. ಅಡಿಸನ್ ಕಾಯಿಲೆಯಲ್ಲಿ ಅದನ್ನು ತಯಾರಿಸುವ ಅಡ್ರಿನಲ್ ಗ್ರಂಥಿಗೆ ಆ ಶಕ್ತಿಯಿಲ್ಲ, ಹೈಡ್ರೋಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ರೂಪದಲ್ಲಿ ಹೊರಗಿನಿಂದಲೇ ಕೊಡಬೇಕು. ಬರೀ ಜ್ವರವಿದ್ದರೆ ಸಾಮಾನ್ಯವಾಗಿ ಮಾತ್ರೆಯನ್ನು ಎರಡು ಪಟ್ಟು ಮಾಡುತ್ತೇವೆ. ಎಷ್ಟು ಅಂತ ನಿಮ್ಮ ವೈದ್ಯರ ಹತ್ತಿರ ಈಗಲೇ ಬರೆಸಿಕೊಳ್ಳಿ.

ವಾಂತಿಯಾಗುತ್ತಿದ್ದರೆ ಮಾತ್ರೆಯನ್ನು ನಂಬಬೇಡಿ. ವಾಂತಿ, ಹೊಟ್ಟೆನೋವು, ತಲೆಸುತ್ತು, ವಿಪರೀತ ಸುಸ್ತು, ಗೊಂದಲದ ಮಾತು ಕಂಡರೆ 100 ಮಿಲಿಗ್ರಾಂ ಹೈಡ್ರೋಕಾರ್ಟಿಸೋನ್ ಇಂಜೆಕ್ಷನ್ ತೊಡೆಯ ಸ್ನಾಯುವಿಗೆ ಕೊಡಿ. ಆಮೇಲೆ ಆಂಬುಲೆನ್ಸ್ ಕರೆಯಿರಿ. ಚೇತರಿಸಿಕೊಂಡಂತೆ ಕಂಡರೂ ಆಸ್ಪತ್ರೆಗೆ ಹೋಗಲೇಬೇಕು, ಸಲೈನ್ ಬೇಕಾಗುತ್ತದೆ. ‘ಸ್ಟೀರಾಯ್ಡ್ ಜಾಸ್ತಿಯಾದರೆ?’ ಎಂದು ಎಷ್ಟೋ ಮನೆಯವರು ಸಿರಿಂಜ್ ಹಿಡಿದೇ ಕೂರುತ್ತಾರೆ. ಅನುಮಾನ ಬಂದರೆ ಕೊಟ್ಟುಬಿಡಿ. ಒಂದು ಡೋಸ್ ಹೆಚ್ಚಾದರೆ ಅಪಾಯವಿಲ್ಲ, ತಡವಾದರೆ ಜೀವಕ್ಕೇ ಕುತ್ತು.

ಇಂಜೆಕ್ಷನ್ ಕೊಡುವುದನ್ನು ನರ್ಸ್ ಹತ್ತಿರ ಕಲಿತುಕೊಳ್ಳಿ, ಸುಮ್ನೆ ನೋಡಿದರೆ ಸಾಲದು. ಮನೆಯಲ್ಲಿಟ್ಟುಕೊಳ್ಳುವ ಇಂಜೆಕ್ಷನ್ ಕಿಟ್‌ನ ಎಕ್ಸ್‌ಪೈರಿ ದಿನಾಂಕ ಆಗಾಗ ನೋಡಿ. ಅವರ ಪರ್ಸಿನಲ್ಲಿ ಸ್ಟೀರಾಯ್ಡ್ ಕಾರ್ಡ್ (ಅವರಿಗೆ ಸ್ಟೀರಾಯ್ಡ್ ಬೇಕೇ ಬೇಕು ಎಂದು ತಿಳಿಸುವ ಕಾರ್ಡ್) ಇರಲಿ. ತುರ್ತು ವಿಭಾಗದಲ್ಲಿ ಬಾಗಿಲಲ್ಲೇ ಅದನ್ನು ತೋರಿಸಿ, ರಕ್ತಪರೀಕ್ಷೆಯ ವರದಿಗೆ ಕಾಯದೆ ತಕ್ಷಣ ಸ್ಟೀರಾಯ್ಡ್ ಕೊಡಿ ಎಂದು ಗಟ್ಟಿಯಾಗಿ ಹೇಳಿ.