ಅಕ್ರಿಲಿಕ್ ಮೀನಿನ ತೊಟ್ಟಿ: 6 ಮಿ.ಮೀ. ಶೀಟು, ಸಿಲಿಕಾನ್ ಮತ್ತು ಜುಲೈ ತಿಂಗಳು

ಸಕಲೇಶಪುರದ ತಮ್ಮ ಮನೆಯಲ್ಲಿ 90 ಸೆಂ.ಮೀ. ಉದ್ದ, 40 ಸೆಂ.ಮೀ. ಅಗಲ, 45 ಸೆಂ.ಮೀ. ಎತ್ತರದ ಮೀನಿನ ತೊಟ್ಟಿಯನ್ನು 6 ಮಿ.ಮೀ. ಅಕ್ರಿಲಿಕ್ ಶೀಟಿನಿಂದ ಮಾಡಿ ಸಿಲಿಕಾನ್‌ನಿಂದ ಅಂಟಿಸಬಹುದೇ, ಜುಲೈನಲ್ಲೇ ಕೆಲಸ ಮುಗಿಸಬಹುದೇ ಎಂದು ಕೇಳಿದ್ದೀರಿ. ದಪ್ಪ ಸಾಲದು, ಸಿಲಿಕಾನ್ ನಿಲ್ಲದು, ಜುಲೈ ಅಂತೂ ಬೇಡವೇ ಬೇಡ. ಚಿಕ್ಕಮಗಳೂರಿನ ಹವೆಯಲ್ಲಿ ಇದೇ ಕೆಲಸ ಮಾಡಿದವನಾದ್ದರಿಂದ ಕೊನೆಯ ವಿಷಯವನ್ನು ತುಸು ವಿಸ್ತಾರವಾಗಿಯೇ ಬರೆಯುತ್ತೇನೆ.

ನೀರಿನ ಒತ್ತಡ ತೊಟ್ಟಿಯ ಉದ್ದವನ್ನಲ್ಲ, ನೀರಿನ ಆಳವನ್ನು ಅವಲಂಬಿಸಿದೆ. ನಿಮ್ಮ ಅಳತೆಯ ತೊಟ್ಟಿ ತುಂಬಿದಾಗ ಮುಂದಿನ ಫಲಕದ ಮೇಲೆ ಸುಮಾರು 90 ಕೆ.ಜಿ. ತೂಕದಷ್ಟು ಬಲ ಬೀಳುತ್ತದೆ; ಅಕ್ರಿಲಿಕ್ ಗಾಜಿಗಿಂತ ಬಹಳ ಸುಲಭವಾಗಿ ಬಾಗುವ ವಸ್ತುವಾದ್ದರಿಂದ 6 ಮಿ.ಮೀ. ಶೀಟು ಹೊಟ್ಟೆ ಉಬ್ಬಿಸಿಕೊಂಡು ಮೂಲೆಯ ಬೆಸುಗೆಗಳನ್ನು ಎಳೆಯುತ್ತದೆ. ಕನಿಷ್ಠ 10 ಮಿ.ಮೀ. ದಪ್ಪದ ಕಾಸ್ಟ್ (ಅಚ್ಚಿನಲ್ಲಿ ಎರಕ ಹೊಯ್ದ) ಶೀಟನ್ನೇ ತನ್ನಿ, ಬಾಯಿಯ ಸುತ್ತ ಒಳಮುಖವಾಗಿ ಐದಾರು ಸೆಂ.ಮೀ. ಅಗಲದ ಪಟ್ಟಿಯನ್ನೂ ಕೂಡಿಸಿ. ಅಗ್ಗವೆಂದು ಎಕ್ಸ್‌ಟ್ರೂಡೆಡ್ (ಯಂತ್ರದಿಂದ ಒತ್ತಿ ತೆಗೆದ) ಶೀಟು ಕೊಂಡರೆ ಅಂಟಿಸುವ ದ್ರಾವಕ ತಗುಲಿದ ಕಡೆ ಕೂದಲೆಳೆಯಂಥ ಬಿರುಕುಗಳು ಏಳುವ ಸಾಧ್ಯತೆ ಹೆಚ್ಚು. ಇಷ್ಟು ಮಾಡಿದರೂ ಖಾಲಿ ತೊಟ್ಟಿ 20 ಕೆ.ಜಿ. ಆಸುಪಾಸಿನಲ್ಲಿರುತ್ತದೆ, ಅಷ್ಟೇ ದಪ್ಪದ ಗಾಜಿನದಾದರೆ ಅದರ ಎರಡರಷ್ಟು ತೂಗುತ್ತದೆ. ಬರೀ ಖರ್ಚಿನ ಲೆಕ್ಕವೇ ಮುಖ್ಯವಾದರೆ ಗಾಜೇ ವಾಸಿ ಎಂಬುದು ನನ್ನ ಅಭಿಪ್ರಾಯ.

ಸಿಲಿಕಾನ್ ಗಾಜನ್ನು ಹಿಡಿದಂತೆ ಅಕ್ರಿಲಿಕ್ಕನ್ನು ಹಿಡಿಯುವುದಿಲ್ಲ, ಕ್ರಮೇಣ ಸಿಪ್ಪೆಯಂತೆ ಬಿಟ್ಟುಕೊಳ್ಳುತ್ತದೆ. ಇಲ್ಲಿ ಬೇಕಾದುದು ಎರಡೂ ಅಂಚುಗಳನ್ನು ಕರಗಿಸಿ ಒಂದಾಗಿಸುವ ದ್ರಾವಕ. ಡೈಕ್ಲೋರೋಮೀಥೇನ್ ಇರುವ ಅಕ್ರಿಲಿಕ್ ಸಿಮೆಂಟು ಅಂಥದ್ದು, ಬೋರ್ಡ್ ಬರೆಯುವ ಅಂಗಡಿಯವರು ಕ್ಲೋರೋಫಾರ್ಮನ್ನೂ ಬಳಸುತ್ತಾರೆ. ಅಂಚುಗಳು ಗರಗಸದ ಗುರುತಿಲ್ಲದೆ ಸಮತಟ್ಟಾಗಿರಬೇಕು, ಹೊಳಪಿಗಾಗಿ ಅವುಗಳಿಗೆ ಬೆಂಕಿ ಹಿಡಿಯಬಾರದು. ಎರಡು ಫಲಕಗಳ ನಡುವೆ ತೆಳುವಾದ ಗುಂಡುಸೂಜಿಗಳನ್ನಿಟ್ಟು, ಸೂಜಿಮೂತಿಯ ಬಾಟಲಿಯಿಂದ ದ್ರಾವಕ ಹರಿಸಿ, ಅಂಚು ಮೆತ್ತಗಾಗಲು ಅರ್ಧ ನಿಮಿಷ ಬಿಟ್ಟು ಸೂಜಿಗಳನ್ನು ಎಳೆದರೆ ಮೇಲಿನ ಫಲಕ ತನ್ನ ಭಾರಕ್ಕೇ ಕೂರುತ್ತದೆ. ಈ ಆವಿ ಉಸಿರಿಗೆ ಕೆಟ್ಟದ್ದು, ಆದ್ದರಿಂದ ಕೆಲಸ ಗಾಳಿಯಾಡುವ ಜಗುಲಿಯಲ್ಲಿ ನಡೆಯಲಿ, ಒಲೆಯ ಹತ್ತಿರ ಬೇಡ.

ಈಗ ಮಳೆಗಾಲದ ಮಾತು. ದ್ರಾವಕ ಬಹುಬೇಗ ಆರುವಾಗ ಅಂಚಿನ ಶಾಖವನ್ನು ಹೀರಿಕೊಳ್ಳುತ್ತದೆ. ತಣ್ಣಗಾದ ಆ ಅಂಚಿನ ಮೇಲೆ ಗಾಳಿಯ ತೇವ ಇಬ್ಬನಿಯಾಗಿ ಕೂತು ಬೆಸುಗೆಯೊಳಕ್ಕೆ ಸೇರಿ, ಪಾರದರ್ಶಕವಾಗಬೇಕಿದ್ದ ಗೆರೆ ಬೆಳ್ಳಗೆ ಮಂಜುಗಟ್ಟಿ ದುರ್ಬಲವಾಗುತ್ತದೆ. ಗೋಡೆಯೇ ಬೆವರುವ ಜುಲೈನಲ್ಲಿ ಘಟ್ಟದ ಅಂಚಿನ ಸಕಲೇಶಪುರದಲ್ಲಿ ಇದನ್ನು ತಪ್ಪಿಸುವುದು ಕಷ್ಟ. ಕಣದಲ್ಲಿ ಕಾಫಿ ಒಣಗುವ ಜನವರಿ, ಫೆಬ್ರವರಿ ದಿನಗಳೇ ಅಂಟಿಸಲು ತಕ್ಕವು, ಅದೂ ಮಂಜು ಪೂರ್ತಿ ಕರಗಿದ ಮೇಲೆ, ಹನ್ನೊಂದರಿಂದ ಮೂರರ ನಡುವೆ. ಅಲ್ಲಿಯವರೆಗೆ ಕಾಯಲಾಗದಿದ್ದರೆ, ಹಾಸನ ಪಟ್ಟಣದಲ್ಲೋ ಅರಸೀಕೆರೆಯಲ್ಲೋ ನೆಂಟರ ಮನೆಯಿದ್ದರೆ, ಒಣ ದಿನ ನೋಡಿಕೊಂಡು ಅಲ್ಲಿ ಬೆಸೆದು ತರಬಹುದು. ಮಳೆಗಾಲದ ಈ ತಿಂಗಳುಗಳನ್ನು ಶೀಟು ಕತ್ತರಿಸಲು, ಅಂಚು ಉಜ್ಜಲು ಬಳಸಿಕೊಳ್ಳಿ. ರಕ್ಷಣೆಯ ಕಾಗದವನ್ನು ಮಾತ್ರ ಅಂಟಿಸುವವರೆಗೂ ಕೀಳಬೇಡಿ.

ಬೆಸೆದ ಮೇಲೆ ಒಂದು ವಾರ ಬಿಟ್ಟು, ಅಂಗಳದಲ್ಲಿ ಸಮತಟ್ಟಾದ ಹಲಗೆಯ ಮೇಲಿಟ್ಟು, ಮೊದಲು ಅರ್ಧ, ಮರುದಿನ ಪೂರ್ತಿ ನೀರು ತುಂಬಿಸಿ ನೋಡಿ. ಸ್ಟ್ಯಾಂಡಿಗೆ ಬರೀ ನೀರಿನಿಂದಲೇ 160 ಕೆ.ಜಿ. ಹೊರೆ ಬೀಳುವುದರಿಂದ ತಳ ಪೂರ್ತಿಯಾಗಿ ಹಲಗೆಯ ಮೇಲೆ ಕೂತಿರಬೇಕು. ಒರೆಸಲು ಸ್ಪಿರಿಟ್ ಆಗಲಿ, ಅಮೋನಿಯಾ ಇರುವ ಗಾಜಿನ ಕ್ಲೀನರ್ ಆಗಲಿ ಮುಟ್ಟಬೇಡಿ. ನೀರು ಮತ್ತು ಮೆತ್ತನೆಯ ಹತ್ತಿ ಬಟ್ಟೆ ಸಾಕು.